ಮೆತ್ತಗಾದ ತೆಪ್ಪ

"ಒಂದು ಗುಳ್ಳೆನೂ ಇಲ್ಲ," ಅಂದಳು ಡೊರೀನ್.

ಸೋಪು ನೀರಿನಲ್ಲಿ ಅದ್ದಿದ ಬ್ರಷ್ಷನ್ನು ತೆಪ್ಪದ ಕೊನೆಯ ಬೆಸುಗೆಯ ಮೇಲೆ ಎಳೆದು, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ನೊರೆ ಸುಮ್ಮನೆ ಕುಳಿತಿತ್ತು. ಎಲ್ಲಿಯಾದರೂ ಸೂಜಿಮೊನೆಯಷ್ಟು ತೂತಿದ್ದರೂ, ಹಾಲು ಕುಡಿದ ಮಗುವಿನ ಬಾಯಂಚಿನಲ್ಲಿ ಏಳುವಂಥ ಗುಳ್ಳೆಗಳು ಸಾಲಾಗಿ ಏಳಬೇಕಿತ್ತು.

ಗಾಳಿ ತುಂಬುವ ಈ ಪುಟ್ಟ ಮೀನುಗಾರಿಕೆ ತೆಪ್ಪವನ್ನು ಲೈಲ್ ರಾಸ್ಮುಸನ್‌ಗೆ ಮಾರಿದವಳು ಅವಳೇ. ಲೈಲ್ ಹಾರ್ಲೆ ಬೆಂಡ್ ಊರಿನ ಅರ್ಧ ಜನಕ್ಕೆ ಹುಟ್ಟು ಹಾಕುವುದನ್ನು ಕಲಿಸಿದ ಮುದುಕ. ಮಂಗಳವಾರ ಬೆಳಿಗ್ಗೆ ಮೀನಿಗೆಂದು ಹೊರಟವನು ಕಾಣೆಯಾಗಿ ಇಂದಿಗೆ ನಾಲ್ಕು ದಿನ. ಅದೇ ಸಂಜೆ ತೆಪ್ಪ ಒಂದೇ, ಒಂಬತ್ತು ಮೈಲಿ ಕೆಳಗಿನ ನಡುಗಡ್ಡೆಗೆ ಬಂದು ತಗುಲಿಕೊಂಡಿತ್ತು.

"ತೂತಿಲ್ಲ ಅಂದ್ರೆ ನಿಮಗೆ ಒಳ್ಳೇದೇ ಅಲ್ವಾ?" ಅಂದ ಊರಿನ ಪೊಲೀಸ್ ಮುಖ್ಯಸ್ಥ, ಶೆರಿಫ್ ನಾರಿಸ್ ಟ್ರಾಸ್ಕ್, ಶೆಡ್ಡಿನ ಬಾಗಿಲಿಗೆ ಒರಗಿ. ನಾಲ್ಕು ದಿನದಿಂದ ಗಡ್ಡ ಬೋಳಿಸಿರಲಿಲ್ಲ. "ನೀವು ಮಾರಿದ ಮಾಲಲ್ಲಿ ದೋಷ ಇಲ್ಲ ಅಂತ ಬರೀತೀನಿ. ಐದು ಗಂಟೆಗೆ ದೋಣಿಗಳನ್ನೆಲ್ಲ ವಾಪಸ್ ಕರೀತೀನಿ."

"ಐದಕ್ಕಾ? ಇವತ್ತೇನಾ?"

"ಹಿಮ ಕರಗಿದ ನೀರು, ಡೊರೀನ್. ಮೂವತ್ತು ಜನ ನದಿ ಮೇಲಿದ್ದಾರೆ. ನಿನ್ನೆ ಇಬ್ರು ಮಗುಚಿಬಿದ್ದಿದ್ರು. ಒಬ್ಬರನ್ನ ಹುಡುಕೋಕೆ ಹೋಗಿ ಇನ್ನೊಬ್ಬರನ್ನ ಕಳ್ಕೊಂಡ್ರೆ ಅವರ ಹೆಂಡ್ತಿಗೆ ನಾನೇನು ಹೇಳ್ಲಿ?"

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಡೊರೀನ್‌ಗೆ ಹೆಚ್ಚು ಕಷ್ಟವಾದದ್ದು.

ಪಕ್ಕದಲ್ಲಿ ಅವಳ ಮಗಳು ಬ್ರಿಟ್ಟಾ ಸಮವಸ್ತ್ರದಲ್ಲಿ ನಿಂತಿದ್ದಳು. ನಾರಿಸ್‌ನ ಕೈಕೆಳಗೆ ಕೆಲಸ. ಮನೆಯಲ್ಲಿ ಏಳು ತಿಂಗಳ ಕೂಸು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಡೊರೀನ್ ತನ್ನ ಚೀಲದಿಂದ ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್ ತೆಗೆದು ಅವಳ ಕೈಗಿಟ್ಟಳು.

"ತಿನ್ನು ಮೊದ್ಲು."

"ಅಮ್ಮಾ, ಇದು ಸಾಕ್ಷಿ ಇಡೋ ಜಾಗ."

"ಹಾಲೂಡಿಸೋಳು ಹೊಟ್ಟೆಗಿಲ್ದೆ ಸಾಕ್ಷಿ ಕಾಯ್ತಾಳಂತೆ. ತಿಂತಾನೇ ಹೇಳು. ಮಂಗಳವಾರ ಸಂಜೆ ತೆಪ್ಪ ಎಳೆದಾಗ ಹೇಗಿತ್ತು?"

"ಮೆತ್ತಗಿತ್ತು. ಉಬ್ಬಿದ ಬ್ರೆಡ್ ಹಿಟ್ಟಿಗೆ ಬೆರಳು ಒತ್ತಿದ ಹಾಗೆ. ಪಕ್ಕದಲ್ಲೆಲ್ಲ ಸುಕ್ಕು."

"ನಿನ್ನೆ ಸಂಜೆ ನಾನು ಗಾಳಿ ತುಂಬಿದೆ. ಈಗ ಕುಟ್ಟಿ ನೋಡು."

ಬ್ರಿಟ್ಟಾ ಬೆರಳಗೆಣ್ಣಿನಿಂದ ಕುಟ್ಟಿದಳು. ತಮಟೆಯ ಹಾಗೆ ಡಬ್ ಎಂದಿತು.

"ತೂತಿಲ್ದೆ ಮೆತ್ತಗಾಗೋದು ಯಾವಾಗ?" ಅಂದಳು ಡೊರೀನ್. "ದಡದಲ್ಲಿ ಬಿಸಿಲಲ್ಲಿ ಗಾಳಿ ತುಂಬಿ, ತಣ್ಣನೆ ನೀರಿಗೆ ಇಳಿಸಿದಾಗ. ಒಳಗಿನ ಗಾಳಿ ಮುದುರಿಕೊಳ್ಳುತ್ತೆ. ಅದಕ್ಕೇ ಹತ್ತು ನಿಮಿಷ ನೀರಲ್ಲಿ ಬಿಟ್ಟು, ಇನ್ನೊಂದ್ಸಲ ಪಂಪ್ ಹೊಡೆದು, ಆಮೇಲೆ ಹೊರಡ್ತೀವಿ. ನಂಗದನ್ನ ಕಲಿಸ್ದೋನು ಯಾರು? ನಾರಿಸ್, ನಿಂಗೆ ಕಲಿಸ್ದೋನು ಯಾರು?"

ಶೆರಿಫ್ ನೆಲ ನೋಡಿದ. "ಲೈಲ್."

"'ತೆಪ್ಪಕ್ಕೆ ನದಿ ಕುಡಿಯೋಕೆ ಬಿಡು, ಆಮೇಲೆ ಊಟ ಬಡಿಸು' ಅಂತಿದ್ದ. ಎರಡನೇ ಸಲ ಪಂಪ್ ಹೊಡೀದೆ ಅವನು ದಡ ಬಿಟ್ಟಿದ್ದು ನಾನಂತೂ ನೋಡಿಲ್ಲ."

"ಎಪ್ಪತ್ನಾಲ್ಕು ವಯಸ್ಸು, ಡೊರೀನ್. ಮರೆತಿರ್ತಾನೆ."

"ಅವನು ತನ್ನ ಹೆಸರು ಮರೀಬಹುದು. ಅದನ್ನ ಮರೆಯಲ್ಲ."

ನಾರಿಸ್‌ನ ಫೋನು ಕೂಗಿತು. ಅವನು ಹೊರಗೆ ಹೋದ.

ಡೊರೀನ್ ತೆಪ್ಪದ ಮುಂಭಾಗಕ್ಕೆ ಬಂದು ಮಂಡಿಯೂರಿದಳು. ಕಟ್ಟುವ ಹಗ್ಗ ನೀರಿನ ಸೆಳೆತಕ್ಕೆ ತಳದಡಿ ಸೇರಿ, ತಳ ಬಿಗಿದ ದಾರಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆದು ಎಳೆದು ಬಿಡಿಸಿದಳು. ಹಗ್ಗದ ತುದಿ ಹೊರಬಂತು. ಅದರಲ್ಲಿ ಬಿಗಿದ ಒಂದು ಗಂಟು. ಗಂಟಿನೊಳಗೆ ಹೆಬ್ಬೆರಳು ಗಾತ್ರದ ದಡದಲ್ಲಿ ಬೆಳೆಯುವ ವಿಲೋ ಗಿಡದ ಕೊಂಬೆಯ ತುಂಡು, ಎರಡೂ ಕಡೆ ಮುರಿದದ್ದು.

ಮುರಿದ ಎರಡೂ ತುದಿಗಳನ್ನು ಅವಳು ಬೆರಳಿಂದ ಸವರಿ ನೋಡಿದಳು.

"ಅಮ್ಮಾ?"

"ತೆಪ್ಪ ಕಟ್ಟಿತ್ತು ಕಣೇ. ಅವನು ಗಾಳಿ ತುಂಬಿ, ನೀರಿಗಿಳಿಸಿ, ವಿಲೋ ಗಿಡಕ್ಕೆ ಕಟ್ಟಿ, ಹತ್ತು ನಿಮಿಷ ಬಿಟ್ಟ. ಆ ಹತ್ತು ನಿಮಿಷದಲ್ಲಿ ಏನೋ ಆಯ್ತು. ಅವನು ತೆಪ್ಪಕ್ಕೆ ವಾಪಸ್ ಬರಲೇ ಇಲ್ಲ. ದಿನಾ ಬಿಡೋ ಹಾಗೆ ಹತ್ತು ಗಂಟೆಗೆ ಮೇಲಿನ ಅಣೆಕಟ್ಟಿಂದ ನೀರು ಬಿಟ್ಟಾಗ ಹೊಳೆ ಏರಿ, ಕೊಂಬೆ ಮುರಿದು, ತೆಪ್ಪ ತಾನಾಗೇ ಹೊರಟಿದೆ."

ಬ್ರಿಟ್ಟಾ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರೆ ಲೈಲ್ ನದೀಲೇ ಇಲ್ಲ."

"ನಾವು ನಾಲ್ಕು ದಿನದಿಂದ ಹುಡುಕ್ತಿರೋ ನೀರಲ್ಲಿ ಅವನು ಕಾಲೇ ಇಟ್ಟಿಲ್ಲ. ದೋಣಿ ನೀರಿಗೆ ಇಳಿಸೋ ಮೇಲಿನ ರ‍್ಯಾಂಪಿನ ಹತ್ರ, ನೆಲದ ಮೇಲೆ ಎಲ್ಲೋ ಇದ್ದಾನೆ."

"ಆದ್ರೆ ಅವನ ಗಾಡಿ ಕೆಳಗೆ ಒಯ್ದ ಟ್ರೂಡಿ..." ಬ್ರಿಟ್ಟಾ ಜೇಬಿನಿಂದ ಪುಸ್ತಕ ತೆಗೆದು ಪುಟ ತಿರುವಿದಳು. "ಒಂಬತ್ತಕ್ಕೆ ರ‍್ಯಾಂಪಿಗೆ ಹೋದಾಗ ತೆಪ್ಪ ಇರ್ಲಿಲ್ಲ, ಲೈಲ್ ಹೊರಟುಹೋಗಿದ್ದ ಅಂತ ಹೇಳಿಕೆ ಕೊಟ್ಟಿದ್ದಾಳೆ."

"ಹೊಳೆ ಏರೋದು ಹತ್ತಕ್ಕೆ," ಅಂದಳು ಡೊರೀನ್, ಮಂಡಿ ಹಿಡಿದುಕೊಂಡು ಏಳುತ್ತಾ. "ಒಂಬತ್ತಕ್ಕೆ ಆ ರ‍್ಯಾಂಪಲ್ಲಿ ಪಾದ ಅಲುಗಿಸೋಷ್ಟೂ ಸೆಳೆತ ಇರಲ್ಲ. ಯಾವ ಕೊಂಬೆನೂ ಮುರಿಯಲ್ಲ. ನಡಿ, ಟ್ರೂಡಿ ಹತ್ರ ಹೋಗೋಣ."

ಕಾರಿನಲ್ಲಿ ಕೂತ ಡೊರೀನ್‌ಗೆ, ತೆಪ್ಪ ಮಾರಿದ ಮಾರ್ಚ್ ತಿಂಗಳ ಆ ಮಧ್ಯಾಹ್ನ ತಲೆಯಲ್ಲಿ ತಿರುಗುತ್ತಿತ್ತು.

ಅಂದು ಲೈಲ್ ತನ್ನ ಹದಿನಾಲ್ಕು ಅಡಿಯ ಹಳೆಯ ತೆಪ್ಪವನ್ನು ಅವಳಂಗಡಿಗೆ ಬಿಟ್ಟು, ಚಿಕ್ಕದೊಂದು ಬೇಕು ಎಂದಿದ್ದ. ಮೂರು ತೆಪ್ಪ ಊದಿಸಿ ಅಂಗಡಿಯ ನೆಲದ ಮೇಲಿಟ್ಟಿದ್ದಳು. ಅವನು ಬಣ್ಣ ನೋಡಲಿಲ್ಲ, ಮೀನುಕೋಲು ಇಡುವ ಜಾಗ ಕೇಳಲಿಲ್ಲ. ಒಂದೊಂದರ ಪಕ್ಕ ನಿಂತು ಕಾಲೆತ್ತಿ ದಾಟಿ ನೋಡಿದ. ಕೊನೆಗೆ ಒಂಬತ್ತು ಅಡಿಯದನ್ನು ತೋರಿಸಿದ. ಅದರ ಪಕ್ಕದ ಕೊಳವೆ ಉಳಿದೆರಡಕ್ಕಿಂತ ತೆಳುವು, ಎತ್ತರ ಕಡಿಮೆ.

"ಅಲೆ ಒಳಗೆ ಹಾರುತ್ತೆ ಲೈಲ್, ಇದು ಕೆರೆ ತೆಪ್ಪ," ಎಂದಿದ್ದಳು ಡೊರೀನ್.

"ಹಾರ್ಲಿ. ಮಂಡಿ ನೋವಿನವರು ಸುಲಭವಾಗಿ ಕಾಲಿಡೋ ಹಾಗಿರ್ಬೇಕು. ನೀನು ಮುಂದಿನ ಸೀಟಲ್ಲಿ ಕೂತ್ಕೋ ನೋಡೋಣ. ನೀನೂ ಗಿಡ್ಡಿ."

"ಗಿಡ್ಡಿ ಅಂದ್ರೆ ರಿಯಾಯಿತಿ ಸಿಗಲ್ಲ."

ಅವನು ನಕ್ಕಿದ್ದ. ಸೀಟನ್ನು ಎರಡು ಅಂಗುಲ ಇಳಿಸಿ, ಬೆನ್ನಿಗೆ ಎತ್ತರದ ಒರಗು ಹಾಕಿಸಿದ್ದ. ಟ್ರೇಲರ್ ಬೇಡವೆಂದ. "ನನ್ನ ಟ್ರೇಲರ್ ಎಲ್ಲಿ ನಿಂತಿದೆ ಅಂತ ಊರೆಲ್ಲ ನೋಡುತ್ತೆ. ಸುರುಳಿ ಸುತ್ತಿ ಪಿಕಪ್ಪಿನ ಹಿಂದೆ ಹಾಕಿ ಮೇಲೊಂದು ತಾಡಪಾಲು ಎಳೆದ್ರೆ ಯಾರೂ ಕೇಳಲ್ಲ." ಗಾಳಿ ಬಿಟ್ಟು, ಮಂಡಿಯಿಂದ ಒತ್ತಿ, ಇಬ್ಬರೂ ಸೇರಿ ಹಾಸಿಗೆಯ ಹಾಗೆ ಸುತ್ತಿ ಬೆಲ್ಟು ಬಿಗಿದಿದ್ದರು. ಆಮೇಲೆ ಆ ಸುರುಳಿಯನ್ನು ಡೊರೀನ್‌ಳ ಹೆಗಲಿಗೇ ಹೊರಿಸಿ ಪಿಕಪ್‌ವರೆಗೆ ನಡೆಸಿದ್ದ. "ಎತ್ತೋಕಾಗುತ್ತಾ? ಭಾರ ಇಲ್ಲ ತಾನೆ?"

ಮಂಡಿ ನೋವು ಅವನದೇ ಎಂದುಕೊಂಡಿದ್ದಳು ಡೊರೀನ್. ಆದರೆ ಹೋದ ತಿಂಗಳು ಚರ್ಚಿನ ಛಾವಣಿಗೆ ಏಣಿ ಹತ್ತಿ ತಗಡು ಬಡಿದವನು ಅವನೇ ಅಲ್ಲವೇ?

ಟ್ರೂಡಿ ಪೆಟ್ರಾಕ್‌ಳದು ಪೆಟ್ರೋಲ್ ಬಂಕಿನ ಪಕ್ಕದ ಹಳೆಯ ಬಸ್ಸಿನಲ್ಲೇ ವಾಸ. ಹೊಳೆಗೆ ಇಳಿಯುವವರ ಗಾಡಿಗಳನ್ನು ಮೇಲಿನ ರ‍್ಯಾಂಪಿನಿಂದ ಕೆಳಗಿನ ರ‍್ಯಾಂಪಿಗೆ ಓಡಿಸಿ ಬಿಟ್ಟುಬರುವುದು ಅವಳ ಕೆಲಸ. ಗಾಡಿಯವರು ಕೀಲಿಕೈಯನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಹಿಂದೆ ಇಟ್ಟು ಹೊರಡುತ್ತಾರೆ. ಅವಳು ಬಂದು ತೆಗೆದು, ಓಡಿಸಿ, ಮತ್ತೆ ಅಲ್ಲೇ ಇಡುತ್ತಾಳೆ. ಅವರು ತೇಲುತ್ತಾ ಬರುವಷ್ಟರಲ್ಲಿ ಗಾಡಿ ಕೆಳಗೆ ಕಾಯುತ್ತಿರುತ್ತದೆ.

ಬಸ್ಸಿನ ಮೆಟ್ಟಿಲ ಮೇಲೆ ಕೂತು ಅವಳು ಬೂಟಿನ ಕೆಸರು ಕೆರೆಯುತ್ತಿದ್ದಳು. ಡೊರೀನ್‌ಳನ್ನು ಕಂಡು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

"ಕಾಫಿ ಕೊಡ್ಲಾ? ಬೆಳಿಗ್ಗೇದು. ಡಾಂಬರಿನ ಹಾಗಿದೆ."

"ಬೇಡ." ಡೊರೀನ್ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು. ಮುರಿದ ವಿಲೋ ತುಂಡನ್ನು ಅವಳ ಕೈಯಲ್ಲಿಟ್ಟಳು. "ಇದು ಹಗ್ಗದ ಗಂಟಲ್ಲಿ ಸಿಕ್ತು."

ಟ್ರೂಡಿ ಅದನ್ನು ತಿರುಗಿಸಿ ನೋಡಿದಳು.

"ಮಂಗಳವಾರ ಒಂಬತ್ತಕ್ಕೆ ತೆಪ್ಪ ಅಲ್ಲೇ ಇತ್ತು, ಅಲ್ವಾ?"

"ಇರ್ಲಿಲ್ಲ ಅಂತ ಆಗ್ಲೇ ಬರ್ಕೊಟ್ಟಿದೀನಿ."

"ಬರ್ಕೊಟ್ಟಿದ್ದು ಗೊತ್ತು. ನಾನು ಕೇಳ್ತಿರೋದು ಇತ್ತಾ ಅಂತ."

"ನನ್ನನ್ನ ಹಿಡ್ಕೊಂಡು ಹೋಗೋಕೆ ಮಗಳನ್ನ ಕರ್ಕೊಂಡು ಬಂದಿದೀರಾ?" ಟ್ರೂಡಿಯ ದನಿ ಏರಿತು. "ನಾನು ಅವನಿಗೆ ಏನು ಮಾಡ್ತೀನಿ? ಗಂಡ ಬಿಟ್ಟು ಹೋದಾಗ ನಂಗೆ ಗಾಡಿ ಓಡಿಸೋದು, ಟ್ರೇಲರ್ ಹಿಂದಕ್ಕೆ ತಗೊಳ್ಳೋದು ಎಲ್ಲ ಕಲಿಸಿದ್ದು ಅವನು! ಎರಡು ವಾರ ಪಕ್ಕದಲ್ಲಿ ಕೂತು ಒಂದ್ಸಲನೂ ಬೈದಿಲ್ಲ. ಅವನ ಅಂಚೆ ಡಬ್ಬಿನೇ ಎರಡು ಸಲ ಗುದ್ದಿದೀನಿ!"

"ಮೂರು," ಅಂದಳು ಡೊರೀನ್. "ಮೂರನೇದು ನಿಂಗೆ ಹೇಳ್ಬೇಡ ಅಂದಿದ್ದ. ತಾನೇ ರಿಪೇರಿ ಮಾಡ್ಕೊಂಡ."

ಅಷ್ಟೇ ಸಾಕಾಯಿತು. ಟ್ರೂಡಿಯ ಮುಖ ಮುದುಡಿತು. ಕೊಂಬೆ ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಡೊರೀನ್ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅಳು. ಆದ್ರೆ ಅಳ್ತಾ ಅಳ್ತಾನೇ ಹೇಳು. ಐದು ಗಂಟೆಗೆ ನಾರಿಸ್ ಹುಡುಕೋದು ನಿಲ್ಲಿಸ್ತಾನೆ."

"ಇತ್ತು. ತೆಪ್ಪ ಇತ್ತು." ಮೂಗು ಒರೆಸಿಕೊಂಡಳು. "ದೋಣಿ ದಡದಲ್ಲಿದ್ರೆ ಗಾಡಿ ಮುಟ್ಬಾರ್ದು, ಅದೇ ನಮ್ಮ ಮೊದಲ್ನೇ ನಿಯಮ. ನಂಗೆ ಅವತ್ತು ಇನ್ನೂ ಮೂರು ಗಾಡಿ ಇತ್ತು. ತೆಪ್ಪ ನೀರು ಕುಡೀತಿದೆ, ಇವನೆಲ್ಲೋ ಪೊದೆ ಹಿಂದೆ ಹೋಗಿದಾನೆ ಅಂದ್ಕೊಂಡೆ. 'ಲೈಲ್, ತಗೊಂಡು ಹೋಗ್ತಿದೀನಿ!' ಅಂತ ಕೂಗ್ದೆ. ಉತ್ತರ ಬರ್ಲಿಲ್ಲ. ಕೀ ಅದರ ಜಾಗದಲ್ಲಿತ್ತು. ತಗೊಂಡು ಹೋಗ್ಬಿಟ್ಟೆ."

"ಆಮೇಲೆ ತೆಪ್ಪ ಖಾಲಿ ಸಿಕ್ತು."

"ಅವನಿಗೆ ಏನೋ ಆಗಿ, ಗಾಡಿ ಹತ್ರ ಬಂದು ನೋಡಿದ್ರೆ ಗಾಡಿನೇ ಇಲ್ಲ... ನಾನೇ ಕದ್ದ ಹಾಗಾಯ್ತಲ್ಲ? ಎದೆ ನೋವಿನ ಮಾತ್ರೆ ಡಬ್ಬಿ ಅದರೊಳಗೇ ಇತ್ತು. ಹನ್ನೊಂದು ಮೈಲಿನೂ ಡ್ಯಾಶ್‌ಬೋರ್ಡಿನ ಗೂಡಲ್ಲಿ ಗಲಗಲ ಅಂತಿತ್ತು. ರಾತ್ರಿ ಮಲಗಿದ್ರೆ ಅದೇ ಸದ್ದು ಕೇಳುತ್ತೆ."

ಡೊರೀನ್‌ಳ ಬೆರಳುಗಳು ದಿನ ಎಣಿಸಿದವು. ಲೈಲ್ ದಿನಕ್ಕೆರಡು ಮಾತ್ರೆ ನುಂಗುವವನು. ಎರಡು ದಿನ ತಪ್ಪಿದರೆ ಅಪಾಯವೆಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತು. ಇಂದು ಶನಿವಾರ.

"ತೆಪ್ಪದಲ್ಲಿ ಇನ್ನೇನಿತ್ತು, ನೆನಪು ಮಾಡ್ಕೋ."

"ಮೀನುಕೋಲು, ಊಟದ ಡಬ್ಬಿ... ಮುಂದಿನ ಸೀಟಿನ ಮೇಲೆ ಲೈಫ್ ಜಾಕೆಟ್. ಹಳದಿ. ಸಣ್ಣದು." ಟ್ರೂಡಿ ತಲೆಯೆತ್ತಿದಳು. "ಲೈಲ್‌ದಲ್ಲ ಅದು. ಅವನ ಒಂದು ತೋಳೂ ಹಿಡ್ಸಲ್ಲ."

ಬ್ರಿಟ್ಟಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. "ತೆಪ್ಪದಲ್ಲಿ ಲೈಫ್ ಜಾಕೆಟ್ ಸಿಗ್ಲೇ ಇಲ್ಲ. ಎಂಥದ್ದೂ."

ಮಂಡಿ ನೋವಿನವರು. ಗಿಡ್ಡಗಿರುವವರು. ಊರಿನ ಕಣ್ಣು ತಪ್ಪಿಸಿ ಹೋಗಬೇಕಾದವರು. ಲೈಲ್ ಆ ತೆಪ್ಪವನ್ನು ಆರಿಸಿದ್ದು ತನಗಾಗಿ ಅಲ್ಲವೇ ಅಲ್ಲ.

"ವಾಪಸ್ ನಡಿ," ಅಂದಳು ಡೊರೀನ್. "ಮಾತ್ರೆ ಎಷ್ಟಿವೆ ನೋಡೋಣ. ಎಷ್ಟು ದಿನದ್ದು ಜೇಬಿಗೆ ಹಾಕ್ಕೊಂಡಿದ್ದ ಅಂತ ಗೊತ್ತಾಗುತ್ತೆ."

ಶೆರಿಫ್ ಕಚೇರಿಯ ಹಿಂದಿನ ಅಂಗಳ ಊರಾಚೆ. ಎತ್ತರದ ತಂತಿ ಬೇಲಿ, ಗೇಟಿಗೆ ಬೀಗ. ಲೈಲ್‌ನ ಹಸಿರು ಪಿಕಪ್ ಮಂಗಳವಾರ ರಾತ್ರಿಯಿಂದ ಅಲ್ಲೇ ನಿಂತಿತ್ತು. ನಾರಿಸ್ ಗೇಟು ತೆಗೆದ. ದಾರಿಯುದ್ದಕ್ಕೂ ಬ್ರಿಟ್ಟಾ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಅವನ ಮುಖದ ಬಿಗುವು ಸಡಿಲಿತ್ತು. ಆಗಲೇ ಎರಡು ನಾಯಿಗಳನ್ನೂ ಆರು ಜನರನ್ನೂ ಮೇಲಿನ ರ‍್ಯಾಂಪಿಗೆ ಅಟ್ಟಿದ್ದ.

"ಪಿಕಪ್ ಕೀ ಎಲ್ಲಿ?" ಅಂದ.

ಬ್ರಿಟ್ಟಾ ಕೆಂಪಾದಳು. ಸುಮ್ಮನೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಅದರ ಹಿಂದಿನಿಂದ ಕೀಲಿಕೈ ತಂದಳು.

"ಸಾಕ್ಷಿಯ ಗಾಡಿ ಕೀ ಅಲ್ಲಿಟ್ಟಿದ್ಯಾ?"

"ಕೈ ತಾನಾಗೇ ಹೋಯ್ತು, ಶೆರಿಫ್."

ಈ ಊರಿನಲ್ಲಿ ಹುಟ್ಟಿದ ಯಾರ ಕೈಯಾದರೂ ಅಲ್ಲಿಗೇ ಹೋಗುತ್ತಿತ್ತು. ನಾರಿಸ್ ಕೀಲಿಕೈ ಇಸಿದುಕೊಂಡು ಪಿಕಪ್ಪಿನ ಬಾಗಿಲು ತೆಗೆದ.

ಡೊರೀನ್ ಡ್ಯಾಶ್‌ಬೋರ್ಡಿನ ಗೂಡು ತೆಗೆದಳು. ಮೀನುಗಾರಿಕೆಯ ಪರವಾನಗಿ, ಒಂದು ಟಾರ್ಚು, ಹಳೆಯ ಕೈಗವಸು. ಅಷ್ಟೇ.

"ಡಬ್ಬಿ ಇಲ್ಲ."

"ಇತ್ತು," ಅಂದಳು ಬ್ರಿಟ್ಟಾ. ಅವಸರದಲ್ಲಿ ಫೋನು ತೆಗೆದು, ಮಂಗಳವಾರ ರಾತ್ರಿ ತಾನೇ ತೆಗೆದ ಫೋಟೋ ತೋರಿಸಿದಳು. ಟಾರ್ಚಿನ ಪಕ್ಕದಲ್ಲಿ ನೀಲಿ ಡಬ್ಬಿ, ವಾರದ ಏಳು ಖಾನೆ. ಬುಧವಾರದಿಂದ ಮುಂದಕ್ಕೆ ಎಲ್ಲ ತುಂಬಿದ್ದವು.

ಮೂವರೂ ಆ ಫೋಟೋವನ್ನೂ ಖಾಲಿ ಗೂಡನ್ನೂ ನೋಡುತ್ತಾ ನಿಂತರು.

ಡೊರೀನ್‌ಗೆ ಮೊದಲು ಅನ್ನಿಸಿದ್ದು ಭಯವಲ್ಲ. ಸಮಾಧಾನ. "ಬದುಕಿದಾನೆ," ಅಂದಳು. "ಸತ್ತವನಿಗೆ ಯಾರೂ ಮಾತ್ರೆ ಕದಿಯಲ್ಲ. ಅವನ ಮಾತ್ರೆ ಎಲ್ಲಿದೆ ಅಂತ ಗೊತ್ತಿರೋರು, ಅವನು ಸಾಯ್ಬಾರ್ದು ಅನ್ನೋರು ಬಂದು ತಗೊಂಡು ಹೋಗಿದಾರೆ."

"ಬೀಗ ಮುರಿದಿಲ್ಲ," ಅಂದಳು ಬ್ರಿಟ್ಟಾ ಮೆಲ್ಲಗೆ. "ಬೇಲಿ ಹರಿದಿಲ್ಲ. ಈ ಗೇಟಿಗೆ ಮೂರೇ ಕೀ. ಒಂದು ನನ್ನ ಸೊಂಟದಲ್ಲಿದೆ. ಒಂದು ಶೆರಿಫ್ ಹತ್ರ."

"ಮೂರನೇದು?" ಕೇಳಿದಳು ಡೊರೀನ್.

ನಾರಿಸ್ ಗೇಟಿನ ಬೀಗದ ಕಡೆ ನೋಡಿದ. "ನಮ್ಮ ಮನೇಲಿ. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರ್ತೀನಿ."

ಅಡುಗೆಮನೆ. ಡೊರೀನ್ ಅವನ ಮುಖವನ್ನೇ ನೋಡಿದಳು. ಆ ಅಡುಗೆಮನೆಯಲ್ಲಿ ಓಡಾಡುವವಳು ಅವನ ತಾಯಿ, ವಿಧವೆ ಅಡೆಲ್. ಹೋದ ವರ್ಷ ಎಡ ಮಂಡಿಯ ಆಪರೇಷನ್ ಆದಾಗ ಡೊರೀನ್ ಎರಡು ವಾರ ಸೂಪು ಕೊಟ್ಟು ಬಂದಿದ್ದಳು. ಅಡೆಲ್ ನಿಂತರೆ ಡೊರೀನ್‌ಳ ಭುಜಕ್ಕೆ ಬರುತ್ತಿದ್ದಳು.

"ನಾರಿಸ್," ಅಂದಳು, ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ಕರೆಯುತ್ತಿದ್ದ ದನಿಯಲ್ಲಿ. "ಅಮ್ಮ ಎಲ್ಲಿದ್ದಾಳಪ್ಪ?"

"ಬಿಲ್ಲಿಂಗ್ಸ್ ಪೇಟೇಲಿ. ಮೇವಿಸ್ ಚಿಕ್ಕಮ್ಮನ ಮನೇಲಿ. ಮಂಗಳವಾರ ನಾನು ಏಳೋ ಮುಂಚೆನೇ ಹೊರಟಿದ್ಲು, ಚೀಟಿ ಬರೆದಿಟ್ಟು. ಚಿಕ್ಕಮ್ಮ ಬಂದು ಕರ್ಕೊಂಡು ಹೋಗ್ತಾಳೆ ಅಂತ." ಮಾತಾಡುತ್ತಾ ಆಡುತ್ತಾ ಅವನ ದನಿ ಇಳಿಯಿತು. "ಅಮ್ಮನಿಗೆ ಗಾಡಿ ಓಡಿಸೋಕೆ ಬರಲ್ಲ."

"ನೀನು ಫೋನ್ ಮಾಡಿದ್ಯಾ?"

"ಇದೇ ಗಡಿಬಿಡೀಲಿ..." ನಾಲ್ಕು ದಿನ ಊರಿನ ಮುದುಕನನ್ನು ಹುಡುಕಿದ ಮಗ, ತನ್ನ ತಾಯಿ ತಲುಪಿದಳೇ ಎಂದು ಕೇಳಿರಲಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಡೊರೀನ್ ಅವನ ತೋಳು ಮುಟ್ಟಿದಳು. "ಈಗ ಮಾಡು. ಜೋರಾಗಿ ಕೇಳೋ ಹಾಗೆ ಹಾಕು."

ಎರಡನೇ ರಿಂಗಿಗೇ ಮೇವಿಸ್ ಫೋನು ಎತ್ತಿಕೊಂಡಳು.

"ಚಿಕ್ಕಮ್ಮಾ, ಅಮ್ಮನಿಗೆ ಕೊಡು."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಸ್ನಾನ ಮಾಡ್ತಿದಾಳಪ್ಪ," ಅಂದಳು ಮೇವಿಸ್.

"ಚಿಕ್ಕಮ್ಮಾ."

"ನಾರಿಸ್, ನಂಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವಳಿಗೆ ಹೇಳ್ದೆ! ಅವಳು ಇಲ್ಲಿಗೆ ಬರಲೇ ಇಲ್ಲ. ಬುಧವಾರ ಫೋನ್ ಮಾಡಿ, ಯಾರಾದ್ರೂ ಕೇಳಿದ್ರೆ ಇಲ್ಲೇ ಇದೀನಿ ಅನ್ನು ಅಂದ್ಲು. ಒಳ್ಳೆ ಸುದ್ದಿಗೇ ಇರ್ಬೇಕು ಅಂತ ನಾನು ಸುಮ್ನಿದ್ದೆ. ಲೈಲ್ ಜೊತೆ ಮಂಗಳವಾರ ಮಂಗಳವಾರ ಹೊಳೆಗೆ ಹೋಗ್ತಾಳಲ್ಲ, ಕೊನೆಗೂ ಮದುವೆ ಆಗೋಕೆ ಓಡಿಹೋದ್ರು ಅಂದ್ಕೊಂಡೆ. ಈ ವಯಸ್ಸಲ್ಲಿ ಆಗ್ಲಿ ಪಾಪ ಅಂತ."

ನಾರಿಸ್ ಕಣ್ಣು ಮುಚ್ಚಿದ. ಬ್ರಿಟ್ಟಾ ಬಾಯಿಗೆ ಕೈ ಹಿಡಿದಳು. ಒಂದು ಕ್ಷಣ ಡೊರೀನ್‌ಗೆ ನಗು ಬಂತು, ಕಣ್ಣೀರೂ ಬಂತು. ಅಷ್ಟು ಜತನದಿಂದ ಇಳಿಸಿದ ಸೀಟು. ಬೆನ್ನಿಗೆ ಒರಗು.

"ಮೇವಿಸ್, ನಾನು ಡೊರೀನ್. ಅಡೆಲ್ ಮಾತಾಡೋವಾಗ ಹತ್ರ ಯಾರಾದ್ರೂ ಇದ್ರಾ?"

"ಇದ್ರು. ಅದೇ ನಂಗೆ ಆಮೇಲೆ ನಿದ್ದೆ ಹತ್ತದ ಹಾಗೆ ಮಾಡಿದ್ದು." ಮೇವಿಸ್‌ಳ ದನಿ ಸಣ್ಣದಾಯಿತು. "ಹಿಂದೆ ಒಬ್ಬ ಗಂಡಸು, 'ಸಾಕು, ಇಡು' ಅಂದ. ಅಡೆಲ್ ಮಾತು ಅರ್ಧಕ್ಕೇ ನಿಂತೋಯ್ತು."

"ಅದು ಲೈಲ್ ಅಲ್ವಾ?"

"ಲೈಲ್ ದನಿ ನಂಗೆ ಐವತ್ತು ವರ್ಷದಿಂದ ಗೊತ್ತು, ಡೊರೀನ್," ಅಂದಳು ಮೇವಿಸ್. "ಅದು ಅವನಲ್ಲ."